ಹಳೆಯ ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ಆಯಿಲ್: ಫ್ಲಶ್ ಮಾಡಿಸಬೇಕೆ, ಬೇಡವೆ?

ಹತ್ತು ಹನ್ನೆರಡು ವರ್ಷ ಓಡಿದ ಆಟೋಮ್ಯಾಟಿಕ್ ಕಾರನ್ನು ಎರಡು ಗ್ಯಾರೇಜುಗಳಿಗೆ ಒಯ್ದರೆ ಎರಡು ವಿರುದ್ಧ ಉತ್ತರ ಸಿಗುವುದುಂಟು. ಒಬ್ಬ ಮೆಕ್ಯಾನಿಕ್ ಡಿಪ್‌ಸ್ಟಿಕ್ ಎಳೆದು, ಕಪ್ಪಾದ ಆಯಿಲನ್ನು ಬಟ್ಟೆಗೆ ಒರೆಸಿ ತೋರಿಸಿ, ‘ಇವತ್ತೇ ಫ್ಲಶ್ ಮಾಡಿಸಿ, ಅಂದರೆ ಹಳೆಯ ಆಯಿಲ್ ತೆಗೆಸಿ ಹೊಸತು ತುಂಬಿಸಿ, ಇಲ್ಲದಿದ್ದರೆ ಗೇರ್‌ಬಾಕ್ಸ್ ಹೋಗುತ್ತದೆ’ ಎನ್ನುತ್ತಾನೆ. ಇನ್ನೊಬ್ಬ ಅದೇ ಆಯಿಲ್ ನೋಡಿ, ‘ಇಷ್ಟು ವರ್ಷ ಮುಟ್ಟದಿದ್ದದ್ದನ್ನು ಈಗ ಮುಟ್ಟಲೇಬೇಡಿ, ಹೊಸ ಆಯಿಲ್ ಹಾಕಿದರೆ ಗೇರ್‌ಬಾಕ್ಸ್ ಹೋಗುತ್ತದೆ’ ಎನ್ನುತ್ತಾನೆ. ಇಬ್ಬರೂ ಅನುಭವಸ್ಥರೇ, ಇಬ್ಬರೂ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದಾರೆ. ಆದರೆ ಇಬ್ಬರ ಮಾತೂ ಆಯಿಲಿನಿಂದ ಶುರುವಾಗುತ್ತದೆ. ಅದು ಶುರುವಾಗಬೇಕಾದದ್ದು ಗೇರ್‌ಬಾಕ್ಸಿನ ಒಳಗಿರುವ ಕ್ಲಚ್ ಪ್ಲೇಟುಗಳಿಂದ. ಅವು ಇನ್ನೂ ಗಟ್ಟಿಯಾಗಿದ್ದರೆ ಹೊಸ ಆಯಿಲ್ ಗೇರ್‌ಬಾಕ್ಸಿನ ಆಯುಸ್ಸನ್ನು ಹೆಚ್ಚಿಸುತ್ತದೆ. ಸವೆದುಹೋಗಿದ್ದರೆ ಯಾವ ಆಯಿಲೂ ಅವನ್ನು ಮರಳಿ ತರಲಾರದು. ಆಯಿಲ್ ಬದಲಿಸುವ ಮೊದಲು ಈ ಎರಡರಲ್ಲಿ ಯಾವುದು ನಿಮ್ಮ ಕಾರಿನ ಸ್ಥಿತಿ ಎಂದು ಪತ್ತೆ ಹಚ್ಚುವುದೇ ನಿಜವಾದ ಕೆಲಸ.

ಇಷ್ಟು ತಲೆ ಕೆಡಿಸಿಕೊಳ್ಳಬೇಕೆ ಎಂದರೆ, ಖಂಡಿತ ಬೇಕು. ಆಯಿಲ್ ಬದಲಿಸಲು ಕೆಲವು ಸಾವಿರ ರೂಪಾಯಿ ಸಾಕು. ಗೇರ್‌ಬಾಕ್ಸನ್ನು ಬಿಚ್ಚಿ ಮರುಜೋಡಿಸುವ ಖರ್ಚು ಲಕ್ಷ ದಾಟಬಹುದು. ಹಳೆಯ ಕಾರಿನ ಮಾರಾಟ ಬೆಲೆಗೆ ಅದು ಹೊಂದುವುದೇ ಇಲ್ಲ. ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ಕೊಂಡವರಿಗೂ, ಓದಲೆಂದು ಅಮೆರಿಕಕ್ಕೆ ಹೋಗಿ ಮೊದಲ ಕಾರಾಗಿ ಹಳೆಯ ಕ್ಯಾಮ್ರಿಯನ್ನೋ ಅಕಾರ್ಡನ್ನೋ ಕೊಂಡ ನಮ್ಮ ಹುಡುಗ ಹುಡುಗಿಯರಿಗೂ ಎದುರಾಗುವ ಪ್ರಶ್ನೆ ಒಂದೇ. ಇಬ್ಬರ ಕೈಯಲ್ಲೂ ಬಹುತೇಕ ಸಲ ಕಾರಿನ ಹಿಂದಿನ ಸರ್ವಿಸ್ ದಾಖಲೆ ಇರುವುದಿಲ್ಲ.

ಒಳಗಿರುವುದು ಯಾವ ಗೇರ್‌ಬಾಕ್ಸ್?

ಕ್ಲಚ್ ಪೆಡಲ್ ಇಲ್ಲದ ಕಾರುಗಳೆಲ್ಲ ಒಂದೇ ಬಗೆಯವಲ್ಲ. 2014ರಲ್ಲಿ ಮಾರುತಿ ಸುಜುಕಿ ಸೆಲೆರಿಯೋ ಜೊತೆ ನಮ್ಮಲ್ಲಿ ಜನಪ್ರಿಯವಾದ ಎಎಂಟಿ ಮೂಲತಃ ಮ್ಯಾನ್ಯುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತಿ ಗೇರ್ ಬದಲಿಸುವ ಕೆಲಸವನ್ನು ಚಾಲಕನ ಬದಲು ಒಂದು ಆಕ್ಚುಯೇಟರ್ ಮಾಡುತ್ತದೆ. ಅದರಲ್ಲಿರುವುದು ಮಾಮೂಲಿ ಗೇರ್ ಆಯಿಲ್, ಹಾಗಾಗಿ ಈ ಲೇಖನದ ಚರ್ಚೆ ಅದಕ್ಕೆ ಅನ್ವಯಿಸುವುದಿಲ್ಲ. ಸಿವಿಟಿಯಲ್ಲಿ ಉಕ್ಕಿನ ಬೆಲ್ಟ್ ಎರಡು ಪುಲ್ಲಿಗಳ ನಡುವೆ ಬಿಗಿಯಾಗಿ ಕಚ್ಚಿಕೊಂಡು ಓಡುತ್ತದೆ. ಅದಕ್ಕೆಂದೇ ತಯಾರಾದ ಆಯಿಲ್ ಬಿಟ್ಟು ಬೇರೇನು ಹಾಕಿದರೂ ಬೆಲ್ಟ್ ಜಾರಿ ಹಾಳಾಗುತ್ತದೆ. ಪೋಲೊ ಜಿಟಿ ಟಿಎಸ್‌ಐನಲ್ಲಿದ್ದ 7 ಗೇರಿನ ಡಿಎಸ್‌ಜಿಯದು ಒಣ ಜೋಡಿ ಕ್ಲಚ್, ಅದರ ಲೆಕ್ಕವೇ ಬೇರೆ. ಇಲ್ಲಿ ಹೇಳುತ್ತಿರುವುದು ಟಾರ್ಕ್ ಕನ್ವರ್ಟರ್ ಇರುವ ಸಾಂಪ್ರದಾಯಿಕ ಆಟೋಮ್ಯಾಟಿಕ್ ಬಗ್ಗೆ: 2008ರ ಕೊನೆಯಲ್ಲಿ ಬಂದ ಹೋಂಡಾ ಸಿಟಿಯ 5 ಗೇರಿನದು, ಬಿಡದಿಯಲ್ಲಿ ತಯಾರಾದ ಕೊರೊಲಾ ಆಲ್ಟಿಸ್‌ನ 4 ಗೇರಿನದು, ಹ್ಯುಂಡೈ ಐ10 ಮತ್ತು ಸ್ವಿಫ್ಟ್ ಡಿಸೈರ್‌ಗಳ 4 ಗೇರಿನವು, ಇಂಥವು. ನಿಮ್ಮದು ಯಾವುದೆಂದು ತಿಳಿಯದಿದ್ದರೆ ಕಾರಿನ ಮಾಲೀಕರ ಕೈಪಿಡಿಯನ್ನು ನೋಡಿ. ಯಾವ ಆಯಿಲ್ ಎಂದು ಬರೆದಿದ್ದಾರೋ ಅದರಿಂದಲೇ ಗೇರ್‌ಬಾಕ್ಸಿನ ಬಗೆಯೂ ತಿಳಿಯುತ್ತದೆ.

ಆಯಿಲ್ ಅಲ್ಲಿ ಮಾಡುವ ಕೆಲಸ

ಎಂಜಿನ್ ಆಯಿಲಿನ ಮುಖ್ಯ ಕೆಲಸ ಲೋಹಕ್ಕೆ ಲೋಹ ಉಜ್ಜದಂತೆ ನೋಡಿಕೊಳ್ಳುವುದು. ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್, ಗ್ಯಾರೇಜಿನ ಮಾತಿನಲ್ಲಿ ಎಟಿಎಫ್, ಇದನ್ನೂ ಮಾಡುತ್ತದೆ, ಇದಕ್ಕಿಂತ ಬಹಳ ಹೆಚ್ಚಿನದನ್ನೂ ಮಾಡುತ್ತದೆ. ಎಂಜಿನ್ನಿನ ಶಕ್ತಿ ಚಕ್ರಕ್ಕೆ ಹೋಗುವ ದಾರಿಯಲ್ಲಿ ಮೊದಲು ಸಿಗುವುದು ಟಾರ್ಕ್ ಕನ್ವರ್ಟರ್. ಎದುರುಬದುರಾಗಿಟ್ಟ ಎರಡು ಫ್ಯಾನುಗಳಲ್ಲಿ ಒಂದನ್ನು ಚಾಲೂ ಮಾಡಿದರೆ ಅದರ ಗಾಳಿಗೆ ಇನ್ನೊಂದು ಹೇಗೆ ತಿರುಗುತ್ತದೆಯೋ ಹಾಗೆ, ಎಂಜಿನ್ ತಿರುಗಿಸುವ ರೆಕ್ಕೆಗಳು ಆಯಿಲನ್ನು ಎಸೆಯುತ್ತವೆ, ಆ ಹೊಡೆತಕ್ಕೆ ಎದುರಿನ ರೆಕ್ಕೆಗಳು ತಿರುಗಿ ಗೇರ್‌ಬಾಕ್ಸನ್ನು ಓಡಿಸುತ್ತವೆ. ಸಿಗ್ನಲ್‌ನಲ್ಲಿ ಬ್ರೇಕ್ ಒತ್ತಿ ನಿಂತಾಗ ಎಂಜಿನ್ ಬಂದ್ ಆಗದಿರುವುದು ಈ ಏರ್ಪಾಟಿನಿಂದಲೇ.

ಅಲ್ಲಿಂದ ಮುಂದೆ, ಗೇರ್ ಬದಲಾಗುವುದೆಂದರೆ ಒಂದು ಕ್ಲಚ್ ಕಟ್ಟು ಬಿಟ್ಟುಕೊಂಡು ಇನ್ನೊಂದು ಹಿಡಿದುಕೊಳ್ಳುವುದು. ಪ್ರತಿ ಕಟ್ಟಿನಲ್ಲೂ ಉಕ್ಕಿನ ತೆಳು ಬಿಲ್ಲೆಗಳು ಮತ್ತು ಕಾಗದದಂಥ ನಾರಿನ ಪದರ ಅಂಟಿಸಿದ ಬಿಲ್ಲೆಗಳು ಒಂದು ಬಿಟ್ಟು ಒಂದು ಜೋಡಿಸಿರುತ್ತವೆ. ಆಯಿಲ್ ಒತ್ತಡದಿಂದ ಪಿಸ್ಟನ್ ಇವನ್ನು ಅದುಮಿದಾಗ ಅವು ಒಂದಾಗಿ ತಿರುಗುತ್ತವೆ. ಯಾವ ಕ್ಲಚ್‌ಗೆ ಯಾವಾಗ ಒತ್ತಡ ಹೋಗಬೇಕು ಎಂಬುದನ್ನು ವಾಲ್ವ್ ಬಾಡಿ ಎಂಬ, ಸಣ್ಣ ಕಾಲುವೆಗಳಿಂದ ತುಂಬಿದ ಅಲ್ಯುಮಿನಿಯಂ ಅಚ್ಚು ಮತ್ತು ಅದರ ಮೇಲಿನ, ವಿದ್ಯುತ್ತಿನಿಂದ ತೆರೆದು ಮುಚ್ಚುವ ಕವಾಟಗಳಾದ ಸೊಲೆನಾಯ್ಡ್‌ಗಳು ನಿರ್ಧರಿಸುತ್ತವೆ. ಅಂದರೆ ಇಲ್ಲಿ ಆಯಿಲೇ ಶಕ್ತಿ ಸಾಗಿಸುತ್ತದೆ, ಆಯಿಲೇ ಆಜ್ಞೆ ಸಾಗಿಸುತ್ತದೆ, ಆಯಿಲೇ ಶಾಖ ಹೊತ್ತೊಯ್ಯುತ್ತದೆ.

ಇನ್ನೂ ಒಂದು ಕೆಲಸವಿದೆ, ಹೊಸ ಆಯಿಲಿನ ಬಗೆಗಿನ ಭಯವೆಲ್ಲ ಹುಟ್ಟುವುದು ಅಲ್ಲಿಯೇ. ಕ್ಲಚ್ ಬಿಲ್ಲೆಗಳು ಕೂಡುವ ಆ ಅರೆಕ್ಷಣದಲ್ಲಿ ಹದವಾಗಿ ಜಾರಬೇಕು, ಇಲ್ಲದಿದ್ದರೆ ಕಾರು ಜಗ್ಗುತ್ತದೆ. ಕೂಡಿದ ಮೇಲೆ ಸ್ವಲ್ಪವೂ ಜಾರಬಾರದು, ಜಾರಿದರೆ ಸುಟ್ಟುಹೋಗುತ್ತವೆ. ಒಂದೇ ಆಯಿಲ್ ಈ ಎರಡು ವಿರುದ್ಧ ಗುಣಗಳನ್ನು ಕೊಡಬೇಕು. ಅದಕ್ಕಾಗಿ ಅದರಲ್ಲಿ ಘರ್ಷಣೆಯನ್ನು ಹದಗೊಳಿಸುವ ರಾಸಾಯನಿಕಗಳನ್ನು ಸೇರಿಸಿರುತ್ತಾರೆ. ಜನರಲ್ ಮೋಟಾರ್ಸ್ 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಹೈಡ್ರಾ-ಮ್ಯಾಟಿಕ್ ಗೇರ್‌ಬಾಕ್ಸನ್ನು ತಂದ ನಂತರದ ದಶಕಗಳಲ್ಲಿ ಈ ಕೆಲಸಕ್ಕೆ ಬಳಸುತ್ತಿದ್ದದ್ದು ತಿಮಿಂಗಿಲದ ಎಣ್ಣೆ. 1970ರ ದಶಕದ ಆರಂಭದಲ್ಲಿ ಅಮೆರಿಕ ಅದನ್ನು ನಿಷೇಧಿಸಿದ ಮೇಲೆ ರಸಾಯನತಜ್ಞರು ಬದಲಿ ಹುಡುಕಬೇಕಾಯಿತು. ಒಂದು ಕಂಪನಿಯ ಎಟಿಎಫ್ ಇನ್ನೊಂದಕ್ಕೆ ಹೊಂದದಿರಲು ದೊಡ್ಡ ಕಾರಣವೂ ಈ ರಾಸಾಯನಿಕಗಳ ಹದವೇ.

ಆಯಿಲ್ ಹಳತಾಗುವುದೆಂದರೆ

ಎಟಿಎಫ್‌ಗೆ ಶತ್ರು ಕಿಲೋಮೀಟರ್ ಅಲ್ಲ, ಶಾಖ. ವರ್ಕ್‌ಶಾಪ್‌ಗಳಲ್ಲಿ ತಲೆಮಾರುಗಳಿಂದ ಬಳಸುವ ಒಂದು ಸ್ಥೂಲ ಲೆಕ್ಕವಿದೆ: ಆಯಿಲಿನ ಉಷ್ಣತೆ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಅದು ಬಹುಕಾಲ ಬಾಳುತ್ತದೆ, ಅಲ್ಲಿಂದ ಮೇಲೆ ಪ್ರತಿ 11 ಡಿಗ್ರಿಗೆ ಅದರ ಬಾಳಿಕೆ ಅರ್ಧವಾಗುತ್ತದೆ. 102 ಡಿಗ್ರಿಗೆ ಬರುವಷ್ಟರಲ್ಲಿ ಕಾಲು ಭಾಗ, 113ಕ್ಕೆ ಎಂಟನೆಯ ಒಂದು ಭಾಗ. ಇದು ಪ್ರಯೋಗಾಲಯದ ನಿಖರ ಸೂತ್ರವಲ್ಲ, ಆದರೆ ದಿಕ್ಕು ಸರಿಯಾಗಿದೆ.

ಟಾರ್ಕ್ ಕನ್ವರ್ಟರ್ ಅತಿ ಹೆಚ್ಚು ಶಾಖ ಹುಟ್ಟಿಸುವುದು ಎಂಜಿನ್ ದುಡಿಯುತ್ತಿದ್ದರೂ ಕಾರು ನಿಧಾನವಾಗಿ ಸಾಗುತ್ತಿರುವಾಗ, ಎರಡು ಬದಿಯ ರೆಕ್ಕೆಗಳ ವೇಗದಲ್ಲಿ ಅಂತರವಿದ್ದಾಗ. ಹೆದ್ದಾರಿಯ ವೇಗದಲ್ಲಿ ಕನ್ವರ್ಟರಿನೊಳಗಿನ ಲಾಕಪ್ ಕ್ಲಚ್ ಎರಡೂ ಬದಿಯನ್ನು ಬೆಸೆದುಬಿಡುತ್ತದೆ, ಆಗ ಜಾರುವಿಕೆಯೂ ಇಲ್ಲ, ಹೆಚ್ಚುವರಿ ಶಾಖವೂ ಇಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಇಂಚಿಂಚು ತೆವಳುವಾಗ ಆ ಲಾಕಪ್ ಕೂಡುವ ಪ್ರಮೇಯವೇ ಬರುವುದಿಲ್ಲ. ಶಿರಾಡಿ, ಚಾರ್ಮಾಡಿ ಘಾಟಿಗಳನ್ನು ತುಂಬಿದ ಕಾರಿನಲ್ಲಿ ನಿಧಾನವಾಗಿ ಹತ್ತುವಾಗಲೂ ಹೀಗೆಯೇ. ಆದ್ದರಿಂದ ಬೆಂಗಳೂರು ನಗರದೊಳಗೇ 60,000 ಕಿಲೋಮೀಟರ್ ಓಡಿದ ಕಾರಿನ ಆಯಿಲ್, ಹುಬ್ಬಳ್ಳಿ-ಬೆಂಗಳೂರು ಹೆದ್ದಾರಿಯಲ್ಲಿ ಒಂದು ಲಕ್ಷ ಓಡಿದ ಕಾರಿನದಕ್ಕಿಂತ ಹೆಚ್ಚು ಬಳಲಿರಬಹುದು. ಕಿಲೋಮೀಟರ್ ಮೀಟರನ್ನು ಮಾತ್ರ ನೋಡಿ ನಿರ್ಧರಿಸುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ.

ಶಾಖಕ್ಕೆ ಸಿಕ್ಕ ಆಯಿಲ್ ಆಮ್ಲಜನಕದೊಂದಿಗೆ ಸೇರಿ ಆಮ್ಲೀಯವಾಗುತ್ತದೆ, ವಾಲ್ವ್‌ಗಳ ಮೇಲೆ ಅಂಟಂಟಾದ ಕಂದು ಲೇಪ ಬಿಡುತ್ತದೆ, ರಬ್ಬರ್ ಸೀಲುಗಳು ಗಟ್ಟಿಯಾಗುತ್ತವೆ. ಘರ್ಷಣೆ ಹದಗೊಳಿಸುವ ರಾಸಾಯನಿಕಗಳು ಖರ್ಚಾಗಿ ಗೇರ್ ಬದಲಾವಣೆ ಒರಟಾಗುತ್ತದೆ. ಜೊತೆಗೆ ಕ್ಲಚ್ ಬಿಲ್ಲೆಗಳ ಸವೆತದ ಸೂಕ್ಷ್ಮ ಪುಡಿ ಆಯಿಲಿನಲ್ಲಿ ತೇಲುತ್ತಿರುತ್ತದೆ.

‘ಜೀವಮಾನಕ್ಕೆ ಸಾಕಾಗುವ’ ಆಯಿಲ್ ಎಂಬ ಮಾತನ್ನೂ ಇಲ್ಲಿಯೇ ಪರಿಶೀಲಿಸಬೇಕು. ಹಲವು ಕಾರು ಕಂಪನಿಗಳು ತಮ್ಮ ಆಟೋಮ್ಯಾಟಿಕ್‌ಗಳಿಗೆ ಆಯಿಲ್ ಬದಲಾವಣೆಯೇ ಬೇಡ ಎಂದು ಹೇಳುತ್ತ ಬಂದಿವೆ. ಆದರೆ ಬಿಎಂಡಬ್ಲ್ಯು ಮುಂತಾದ ಕಾರುಗಳಿಗೆ ಗೇರ್‌ಬಾಕ್ಸ್ ತಯಾರಿಸಿಕೊಡುವ ಜರ್ಮನಿಯ ಝಡ್‌ಎಫ್ ಕಂಪನಿಯೇ, ಚಾಲನೆಯ ರೀತಿಯನ್ನು ನೋಡಿಕೊಂಡು 80,000ದಿಂದ 1,20,000 ಕಿಲೋಮೀಟರಿನೊಳಗೆ ಅಥವಾ ಎಂಟು ವರ್ಷಕ್ಕೆ ಆಯಿಲ್ ಬದಲಿಸಿ ಎನ್ನುತ್ತದೆ. ಅಮೆರಿಕದಲ್ಲಿ ಟೊಯೋಟಾ ಕೂಡ ಟ್ರೇಲರ್ ಎಳೆಯುವ, ಭಾರ ಹೊರುವ ಕಾರುಗಳಿಗೆ 60,000 ಮೈಲಿಗೆ, ಅಂದರೆ ಸುಮಾರು ಒಂದು ಲಕ್ಷ ಕಿಲೋಮೀಟರಿಗೆ, ಬದಲಾವಣೆ ಸೂಚಿಸುತ್ತದೆ. ಕಂಪನಿಯ ದೃಷ್ಟಿಯ ‘ಜೀವಮಾನ’ ವಾರಂಟಿಯ ಆಚೆಗೆ ಎಷ್ಟು ದೂರ ಹೋಗುತ್ತದೆ ಎಂಬುದನ್ನು ಯಾರೂ ಬರೆದುಕೊಡುವುದಿಲ್ಲ. ಹತ್ತು ವರ್ಷ ದಾಟಿದ ಕಾರನ್ನು ಇನ್ನೂ ಐದಾರು ವರ್ಷ ಓಡಿಸಬೇಕೆಂದಿರುವವರು ಆ ಮಾತನ್ನು ನಂಬಿ ಕೂರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹೊಸ ಆಯಿಲ್ ಗೇರ್‌ಬಾಕ್ಸನ್ನು ಕೊಲ್ಲುತ್ತದೆಯೆ?

‘ಆಯಿಲ್ ಬದಲಿಸಿದ ತಿಂಗಳಿಗೇ ಗೇರ್‌ಬಾಕ್ಸ್ ಹೋಯಿತು’ ಎಂಬ ಕಥೆಗಳು ಸುಳ್ಳಲ್ಲ. ಹಾಗೆ ಆಗುವುದು ನಿಜ. ಯಾಕೆ ಆಗುತ್ತದೆ ಎಂದು ಬಿಡಿಸಿ ನೋಡಿದರೆ ಒಂದಕ್ಕಿಂತ ಹೆಚ್ಚು ಕಾರಣ ಸಿಗುತ್ತವೆ, ಅವುಗಳಲ್ಲಿ ಹೆಚ್ಚಿನವಕ್ಕೂ ಆಯಿಲಿನ ಹೊಸತನಕ್ಕೂ ಸಂಬಂಧವಿಲ್ಲ.

ಮೊದಲನೆಯದು ಘಟನೆಗಳ ಕ್ರಮ. ಹನ್ನೆರಡು ವರ್ಷ ಗೇರ್‌ಬಾಕ್ಸನ್ನು ಮರೆತಿದ್ದವರಿಗೆ ಆಯಿಲಿನ ನೆನಪಾಗುವುದು ಯಾವಾಗ? ಕಾರು ಜಾರಲು ಶುರುವಾದಾಗ, ಗೇರ್ ತಡವಾಗಿ ಬೀಳುವಾಗ. ಆ ಹೊತ್ತಿಗೆ ಕ್ಲಚ್ ಸವೆದಿರುತ್ತದೆ. ಆಯಿಲ್ ಬದಲಿಸದಿದ್ದರೂ ಅದು ಹೋಗುತ್ತಿತ್ತು. ಬದಲಿಸಿದ್ದರಿಂದ ದೋಷ ಆಯಿಲಿನ ತಲೆಗೆ ಬಂತು.

ಎರಡನೆಯದು ಆ ತೇಲುವ ಪುಡಿ. ತೀರಾ ಸವೆದ ಕ್ಲಚ್‌ನಲ್ಲಿ ಹಳೆಯ ಆಯಿಲಿನ ಪುಡಿ ಒಂದಿಷ್ಟು ಹಿಡಿತ ಕೊಡುತ್ತಿರುತ್ತದೆ, ಘರ್ಷಣೆ ತಗ್ಗಿಸುವ ರಾಸಾಯನಿಕವೂ ಖರ್ಚಾಗಿರುತ್ತದೆ. ಅದೆಲ್ಲವನ್ನೂ ತೆಗೆದು, ರಾಸಾಯನಿಕ ಪೂರ್ಣವಾಗಿರುವ ನುಣುಪಾದ ಆಯಿಲ್ ತುಂಬಿದಾಗ, ನುಣ್ಣಗಾಗಿ ಹೊಳೆಯುತ್ತಿದ್ದ ಬಿಲ್ಲೆಗಳಿಗೆ ಉಳಿದಿದ್ದ ಹಿಡಿತವೂ ಹೋಗುತ್ತದೆ. ಎರಡನೆಯ ಮೆಕ್ಯಾನಿಕ್‌ನ ಎಚ್ಚರಿಕೆಯಲ್ಲಿರುವ ಸತ್ಯ ಇದು. ಆದರೆ ಇದು ಸವೆದ ಗೇರ್‌ಬಾಕ್ಸಿಗೆ ಮಾತ್ರ ಅನ್ವಯಿಸುವ ಸತ್ಯ. ಸರಿಯಾಗಿ ಓಡುತ್ತಿರುವ ಹಳೆಯ ಕಾರಿಗೂ ಅದನ್ನೇ ಹೇಳಿ ಹೆದರಿಸಿದರೆ, ಉಳಿಯಬಹುದಾದ ಗೇರ್‌ಬಾಕ್ಸ್ ಸುಟ್ಟ ಆಯಿಲಿನಲ್ಲಿ ಸವೆಯುತ್ತ ಹೋಗುತ್ತದೆ.

ಮೂರನೆಯದು ಕೊಳೆ ಕದಲುವುದು. ಹೊಸ ಆಯಿಲಿನಲ್ಲಿ ತೊಳೆಯುವ ಗುಣವಿರುತ್ತದೆ. ಅದು ಮೆಲ್ಲನೆ ಕೆಲಸ ಮಾಡಿದರೆ ತೊಂದರೆಯಿಲ್ಲ, ಫಿಲ್ಟರ್ ಹಿಡಿದುಕೊಳ್ಳುತ್ತದೆ. ಫ್ಲಶ್ ಮಾಡುವ ಯಂತ್ರದ ಒತ್ತಡದಿಂದ, ಅದರಲ್ಲೂ ಹರಿವಿನ ದಿಕ್ಕನ್ನು ತಿರುಗಿಸಿ ನುಗ್ಗಿಸಿದರೆ, ಕೆಳಗೆ ಆಯಿಲ್ ನಿಲ್ಲುವ ತಟ್ಟೆಯಾದ ಪ್ಯಾನಿನ ತಳದಲ್ಲಿ ಕೂತಿದ್ದ ಕೆಸರು ವಾಲ್ವ್ ಬಾಡಿಯ ಕಿರಿದಾದ ದಾರಿಗಳಿಗೆ ಹೋಗಿ ಒಂದು ಸೊಲೆನಾಯ್ಡನ್ನು ಕಟ್ಟಿಹಾಕಿದರೆ ಸಾಕು, ಗೇರ್ ತಪ್ಪುತ್ತದೆ.

ಇವೆಲ್ಲಕ್ಕಿಂತ ಕಡಿಮೆ ಚರ್ಚೆಯಾಗುವ, ಆದರೆ ನಾನು ಮೊದಲು ಸಂಶಯಪಡುವ ಕಾರಣ ಎಂದರೆ ತಪ್ಪು ಆಯಿಲ್ ಅಥವಾ ತಪ್ಪು ಮಟ್ಟ. ಆಯಿಲ್ ಬಿಸಿಯಾದಂತೆ ಹಿಗ್ಗುತ್ತದೆ, ಹಾಗಾಗಿ ಮಟ್ಟ ನೋಡುವ ವಿಧಾನ ಕಾರಿನಿಂದ ಕಾರಿಗೆ ಬೇರೆ. ಹಲವು ಕಾರುಗಳಲ್ಲಿ ಗೇರ್‌ಬಾಕ್ಸ್ ಬಿಸಿಯಾಗಿ, ಎಂಜಿನ್ ಓಡುತ್ತಿರುವಾಗಲೇ ಡಿಪ್‌ಸ್ಟಿಕ್ ನೋಡಬೇಕು. ಹೋಂಡಾ ಕಾರುಗಳಲ್ಲಿ ಎಂಜಿನ್ ಬಿಸಿಯಾದ ಮೇಲೆ ಅದನ್ನು ಆರಿಸಿ, ಒಂದೂವರೆ ನಿಮಿಷದೊಳಗೆ ನೋಡಬೇಕು. ಟೊಯೋಟಾದ ಡಬ್ಲ್ಯುಎಸ್ ಆಯಿಲ್ ಬಳಸುವ ಅನೇಕ ಗೇರ್‌ಬಾಕ್ಸ್‌ಗಳಿಗೆ ಡಿಪ್‌ಸ್ಟಿಕ್ಕೇ ಇಲ್ಲ. ಆಯಿಲಿನ ಉಷ್ಣತೆ ಸುಮಾರು 40ರಿಂದ 45 ಡಿಗ್ರಿಯಲ್ಲಿದ್ದಾಗ ಕೆಳಗಿನ ಬೋಲ್ಟ್ ತೆಗೆದು, ತೊಟ್ಟಿಕ್ಕುವಷ್ಟು ಮಾತ್ರ ಆಯಿಲ್ ಹೊರಬರುವಂತೆ ಮಟ್ಟ ಹೊಂದಿಸಬೇಕು. ಅಳತೆ ತಪ್ಪಿ ಅರ್ಧ ಲೀಟರ್ ಕಡಿಮೆಯಾದರೆ ಪಂಪ್ ಗಾಳಿ ಎಳೆಯುತ್ತದೆ, ಒತ್ತಡ ಕುಸಿಯುತ್ತದೆ, ಕ್ಲಚ್ ಜಾರುತ್ತದೆ. ಹೆಚ್ಚಾದರೆ ತಿರುಗುವ ಗೇರುಗಳು ಆಯಿಲನ್ನು ನೊರೆಯಾಗಿಸುತ್ತವೆ, ಪರಿಣಾಮ ಅದೇ. ಚೆನ್ನಾಗಿದ್ದ ಗೇರ್‌ಬಾಕ್ಸೊಂದು ಆಯಿಲ್ ಬದಲಿಸಿದ ಮರುದಿನವೇ ತೊಂದರೆ ಕೊಟ್ಟರೆ ಮೊದಲು ನೋಡಬೇಕಾದದ್ದು ಮಟ್ಟವನ್ನು.

ಬದಲಿಸುವ ಬಗೆಗಳು

ಗ್ಯಾರೇಜುಗಳಲ್ಲಿ ‘ಫ್ಲಶ್’ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಕೆಲಸಗಳು ನಡೆಯುತ್ತವೆ, ಗೊಂದಲದ ಅರ್ಧ ಭಾಗ ಇದರಿಂದಲೇ. ತೀರಾ ಸರಳವಾದದ್ದು ಕೆಳಗಿನ ಬೋಲ್ಟ್ ಬಿಚ್ಚಿ ಬಂದಷ್ಟು ಆಯಿಲ್ ಇಳಿಸಿ, ಅಷ್ಟನ್ನೇ ಹೊಸದಾಗಿ ತುಂಬುವುದು. ಇದರಲ್ಲಿ ಪೂರ್ತಿ ಆಯಿಲ್ ಬರುವುದಿಲ್ಲ. ಟಾರ್ಕ್ ಕನ್ವರ್ಟರ್, ಆಯಿಲನ್ನು ತಣಿಸುವ ಕೂಲರ್, ಕ್ಲಚ್‌ಗಳ ಒಳಗಿನದು ಅಲ್ಲೇ ಉಳಿಯುತ್ತದೆ. ಒಟ್ಟು 6 ಲೀಟರ್ ಹಿಡಿಯುವ ಗೇರ್‌ಬಾಕ್ಸಿನಿಂದ ಒಂದು ಸಲಕ್ಕೆ ಎರಡೂವರೆ ಲೀಟರ್ ಇಳಿಯುತ್ತದೆ ಎಂದುಕೊಳ್ಳಿ. ಮೊದಲ ಸಲಕ್ಕೆ ಒಳಗಿನ ಆಯಿಲಿನಲ್ಲಿ ಹೊಸತಿನ ಪಾಲು ಶೇಕಡ 42. ಕೆಲವು ನೂರು ಕಿಲೋಮೀಟರ್ ಓಡಿಸಿ, ಎಲ್ಲ ಬೆರೆತ ಮೇಲೆ ಮತ್ತೊಮ್ಮೆ ಮಾಡಿದರೆ ಶೇಕಡ 66. ಮೂರನೆಯ ಸಲಕ್ಕೆ 80, ನಾಲ್ಕನೆಯದಕ್ಕೆ 88. ಹೀಗೆ ಹಂತ ಹಂತವಾಗಿ ಹೋಗುವುದರಿಂದ ಗೇರ್‌ಬಾಕ್ಸಿಗೆ ಯಾವ ಹಂತದಲ್ಲೂ ಆಘಾತವಿಲ್ಲ. ಮೊದಲ ಸಲದ ನಂತರ ಏನಾದರೂ ಬದಲಾವಣೆ ಕಂಡರೆ ಅಲ್ಲಿಗೇ ನಿಲ್ಲಿಸುವ ಸ್ವಾತಂತ್ರ್ಯವೂ ಇರುತ್ತದೆ. ಹೆಚ್ಚು ಆಯಿಲ್ ಬೇಕಾಗುತ್ತದೆ, ಗ್ಯಾರೇಜಿಗೆ ಹೆಚ್ಚು ಸಲ ಹೋಗಬೇಕಾಗುತ್ತದೆ ಎಂಬುದಷ್ಟೇ ಇದರ ಕೊರತೆ.

ಪ್ಯಾನ್ ಬಿಚ್ಚಲು ಬರುವ ಗೇರ್‌ಬಾಕ್ಸ್‌ಗಳಲ್ಲಿ ಇದಕ್ಕೇ ಫಿಲ್ಟರ್ ಬದಲಾವಣೆಯನ್ನೂ ಸೇರಿಸಬಹುದು, ಸೇರಿಸಲೇಬೇಕು. ಪ್ಯಾನಿನ ತಳದಲ್ಲಿರುವ ಅಯಸ್ಕಾಂತವನ್ನು ಒರೆಸದೆ ನಿಮ್ಮೆದುರೇ ತೋರಿಸುವಂತೆ ಮೆಕ್ಯಾನಿಕ್‌ಗೆ ಹೇಳಿ. ಗೇರ್‌ಬಾಕ್ಸಿನ ಆರೋಗ್ಯದ ಬಗ್ಗೆ ಅದಕ್ಕಿಂತ ಪ್ರಾಮಾಣಿಕ ಸಾಕ್ಷಿ ಬೇರೆ ಇಲ್ಲ. ಬೂದು ಬಣ್ಣದ ನಯವಾದ ಕೆಸರು ಅಂಟಿದ್ದರೆ ಅದು ವಯಸ್ಸಿಗೆ ತಕ್ಕ ಸಹಜ ಸವೆತ. ಬೆರಳಿಗೆ ಚುಚ್ಚುವ ಉಕ್ಕಿನ ಚೂರುಗಳಿದ್ದರೆ ಬೇರಿಂಗ್ ಅಥವಾ ಗೇರ್ ಒಡೆಯುತ್ತಿದೆ. ಹಿತ್ತಾಳೆ ಬಣ್ಣದ ಮಿನುಗಿದ್ದರೆ ಬುಶ್‌ಗಳು ಸವೆಯುತ್ತಿವೆ. ತಳದಲ್ಲಿ ಕಪ್ಪು ಮರಳಿನಂಥದ್ದು ದಂಡಿಯಾಗಿ ಕೂತಿದ್ದರೆ ಅದು ಕ್ಲಚ್ ಬಿಲ್ಲೆಗಳ ಪದರವೇ. ಹೋಂಡಾದ ಹಳೆಯ ಆಟೋಮ್ಯಾಟಿಕ್‌ಗಳಲ್ಲಿ ಹೀಗೆ ಪ್ಯಾನ್ ಬಿಚ್ಚಲು ಬರುವುದಿಲ್ಲ, ಫಿಲ್ಟರ್ ಒಳಗಡೆ ಇರುತ್ತದೆ; ಡ್ರೈನ್ ಬೋಲ್ಟ್‌ನ ತುದಿಯ ಅಯಸ್ಕಾಂತವನ್ನೇ ನೋಡಿ ಅಂದಾಜಿಸಬೇಕು.

ಯಂತ್ರದಿಂದ ಮಾಡುವ ಪೂರ್ಣ ಬದಲಾವಣೆಯಲ್ಲಿ ಕೂಲರ್ ಪೈಪುಗಳಿಗೆ ಯಂತ್ರವನ್ನು ಜೋಡಿಸುತ್ತಾರೆ. ಹಳೆಯದು ಹೊರಬಂದಷ್ಟೇ ಹೊಸದು ಒಳಹೋಗುತ್ತದೆ. ಗೇರ್‌ಬಾಕ್ಸಿನ ಸ್ವಂತ ಪಂಪಿನ ಒತ್ತಡದಲ್ಲೇ, ಸಹಜ ದಿಕ್ಕಿನಲ್ಲೇ ಇದು ನಡೆದರೆ ಅದರಲ್ಲಿ ಅಪಾಯವಿಲ್ಲ. ಹೊರಗಿನ ಒತ್ತಡ ಹಾಕುವ, ದಿಕ್ಕು ತಿರುಗಿಸುವ, ಮೊದಲು ತೊಳೆಯುವ ದ್ರಾವಣ ಸುರಿದು ಆಮೇಲೆ ಆಯಿಲ್ ತುಂಬುವ ಬಗೆಗಳನ್ನು ಇತಿಹಾಸ ಗೊತ್ತಿಲ್ಲದ ಹಳೆಯ ಕಾರಿಗೆ ನಾನು ಯಾರಿಗೂ ಸೂಚಿಸಲಾರೆ. ಇನ್ನೂ ಒಂದು ಪ್ರಶ್ನೆಯನ್ನು ಕೇಳಲೇಬೇಕು: ಯಂತ್ರದೊಳಗೆ ಈಗ ಇರುವುದು ಯಾವ ಆಯಿಲ್? ಎಲ್ಲ ಕಾರುಗಳಿಗೂ ಒಂದೇ ಪೀಪಾಯಿಯ ‘ಸರ್ವ ಕಾರು’ ಆಯಿಲ್ ತುಂಬುವ ಕಡೆ ನಿಲ್ಲದೆ ಮುಂದೆ ಹೋಗಿ.

ಆಯಿಲಿನ ಆಯ್ಕೆಯಲ್ಲಿ ರಾಜಿ ಬೇಡ. ಡೆಕ್ಸ್ರಾನ್-3 ಇದ್ದ ಕಡೆ ಡೆಕ್ಸ್ರಾನ್-6 ಹಾಕಬಹುದು ಎಂದು ಜನರಲ್ ಮೋಟಾರ್ಸ್ ತನ್ನ ಗೇರ್‌ಬಾಕ್ಸ್‌ಗಳಿಗೆ ಹೇಳುತ್ತದೆ. ಹೋಂಡಾ ತನ್ನ ಹಳೆಯ ಎಟಿಎಫ್ ಝಡ್-1ರ ಜಾಗಕ್ಕೆ ಡಿಡಬ್ಲ್ಯು-1 ತಂದಿದೆ. ಆದರೆ ಟೊಯೋಟಾದ ಟೈಪ್ ಟಿ-4 ಮತ್ತು ಡಬ್ಲ್ಯುಎಸ್‌ಗಳ ಸ್ನಿಗ್ಧತೆಯೇ ಬೇರೆ, ಒಂದರ ಬದಲು ಇನ್ನೊಂದನ್ನು ಸುರಿಯುವಂತಿಲ್ಲ. ಕೈಪಿಡಿಯಲ್ಲಿ ಬರೆದಿರುವ ಹೆಸರು, ಅಥವಾ ಆ ಮಾನದಂಡವನ್ನು ಪೂರೈಸುತ್ತದೆಂದು ಡಬ್ಬಿಯ ಮೇಲೆ ಸ್ಪಷ್ಟವಾಗಿ ನಮೂದಿಸಿದ ಹೆಸರಾಂತ ಆಯಿಲ್, ಎರಡೇ ದಾರಿ. ಜೆ.ಸಿ. ರಸ್ತೆಯಲ್ಲೋ ಆನ್‌ಲೈನ್‌ನಲ್ಲೋ ಕೊಳ್ಳುವಾಗ ಸೀಲು ಒಡೆಯದ ಡಬ್ಬಿ ಮತ್ತು ಬಿಲ್ ಎರಡನ್ನೂ ಕೇಳಿ ಪಡೆಯಿರಿ.

ನಿರ್ಧಾರಕ್ಕೆ ಬರುವುದು

ಕಾರನ್ನು ರಾತ್ರಿಯಿಡೀ ನಿಲ್ಲಿಸಿ ಬೆಳಿಗ್ಗೆ ತಣ್ಣಗಿರುವಾಗಲೇ ಶುರು ಮಾಡಿ. ಪಾರ್ಕ್‌ನಿಂದ ರಿವರ್ಸ್‌ಗೆ, ನಂತರ ಡ್ರೈವ್‌ಗೆ ಹಾಕಿದಾಗ ಒಂದೆರಡು ಸೆಕೆಂಡಿನೊಳಗೆ ಕಾರು ಮೆಲ್ಲನೆ ಎಳೆಯಬೇಕು. ಅದಕ್ಕಿಂತ ತಡವಾದರೆ ಅಥವಾ ದಡ್ ಎಂದು ಹೊಡೆದರೆ ಗಮನಿಸಿ. ಅರ್ಧ ಗಂಟೆ ಓಡಿಸಿ ಪೂರ್ತಿ ಬಿಸಿಯಾದ ಮೇಲೆ ಏರು ರಸ್ತೆಯಲ್ಲಿ ಆಕ್ಸಿಲರೇಟರನ್ನು ಹದವಾಗಿ ಒತ್ತಿ. ಎಂಜಿನ್ನಿನ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದೇ ಅರ್ಥ. ತಣ್ಣಗಿದ್ದಾಗ ಸರಿಯಿದ್ದು ಬಿಸಿಯಾದ ಮೇಲೆ ಕೆಡುವ ಗೇರ್‌ಬಾಕ್ಸ್ ಅಪಾಯದ ಅಂಚಿನಲ್ಲಿದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬಡಾವಣೆಯ ಬೀದಿಯಲ್ಲಿ ಹತ್ತು ನಿಮಿಷ ಓಡಿಸಿ ಒಪ್ಪಿಕೊಳ್ಳುವುದರಿಂದ ಇದೇ ತಪ್ಪಿಹೋಗುತ್ತದೆ. ಸ್ಕ್ಯಾನರ್ ಹಾಕಿಸಿ ಗೇರ್‌ಬಾಕ್ಸಿನ ದೋಷ ಸಂಕೇತಗಳಿವೆಯೇ ನೋಡಿ.

ಆಮೇಲೆ ಆಯಿಲ್. ಬಣ್ಣವನ್ನೊಂದೇ ನಂಬಬೇಡಿ, ಕೆಲವು ಒಳ್ಳೆಯ ಎಟಿಎಫ್‌ಗಳು ಬೇಗನೆ ಕೆಂಪು ಕಳೆದುಕೊಂಡು ಕಂದಾಗುತ್ತವೆ. ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ನೋಡಿ: ಅಗಲವಾಗಿ ಹರಡಿ ತಿಳಿಯಾದರೆ ಸರಿ, ಹರಡದೆ ಕಪ್ಪು ಚುಕ್ಕೆಯಾಗಿ ನಿಂತರೆ ಆಯಿಲ್ ಬಳಲಿದೆ. ಮೂಗಿಗೆ ಸುಟ್ಟ ವಾಸನೆ ಬಂದರೆ ಅದು ಬಣ್ಣಕ್ಕಿಂತ ಗಂಭೀರ. ಹಾಲು ಬೆರೆಸಿದಂತೆ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ರೇಡಿಯೇಟರಿನೊಳಗಿನ ಕೂಲರ್ ಒಡೆದು ಕೂಲೆಂಟ್ ಸೇರಿದೆ. ಆಗ ಕಾರನ್ನು ಓಡಿಸಲೇಬಾರದು, ಎಳೆಸಿಕೊಂಡು ಹೋಗಬೇಕು.

ಗೇರ್ ಬದಲಾವಣೆ ಸರಿಯಿದ್ದು, ಆಯಿಲ್ ಬರೀ ಕಂದಾಗಿದ್ದರೆ ಹೆದರಬೇಡಿ, ಬದಲಿಸಿ. ದಾಖಲೆಯಿಲ್ಲದ ಕಾರಾದರೆ ಮೇಲೆ ಹೇಳಿದ ಹಂತ ಹಂತದ ದಾರಿಯೇ ಉತ್ತಮ. ಹಿಂದೆ ನಿಯಮಿತವಾಗಿ ಬದಲಿಸಿದ ದಾಖಲೆಯಿದ್ದರೆ ಸಹಜ ಒತ್ತಡದ ಪೂರ್ಣ ಬದಲಾವಣೆಗೂ ಅಡ್ಡಿಯಿಲ್ಲ. ಮುಂದೆ ನಗರದ ಓಡಾಟಕ್ಕೆ 40,000 ಕಿಲೋಮೀಟರಿಗೊಮ್ಮೆ ಇಳಿಸಿ ತುಂಬುತ್ತಿದ್ದರೆ ಆ ಗೇರ್‌ಬಾಕ್ಸ್ ಬಹುಕಾಲ ಬಾಳುತ್ತದೆ.

ಸ್ಥಿರ ವೇಗದಲ್ಲಿ, ಸಾಮಾನ್ಯವಾಗಿ ಗಂಟೆಗೆ 60ರಿಂದ 80 ಕಿಲೋಮೀಟರಿನ ನಡುವೆ, ಉಬ್ಬು ಪಟ್ಟಿಗಳ ಮೇಲೆ ಹೋದಂತೆ ಸಣ್ಣ ನಡುಕ ಬರುತ್ತಿದ್ದರೆ ಅದು ಲಾಕಪ್ ಕ್ಲಚ್‌ನ ನಡುಕವಿರಬಹುದು. ಇಲ್ಲಿ ಆಯಿಲ್ ಬದಲಾವಣೆಯೇ ಔಷಧವಾಗುವುದುಂಟು, ಏಕೆಂದರೆ ಖರ್ಚಾಗಿರುವುದು ಬಿಲ್ಲೆಯಲ್ಲ, ಆಯಿಲಿನ ಗುಣ. ಜನರಲ್ ಮೋಟಾರ್ಸ್‌ನ 8 ಗೇರಿನ ಆಟೋಮ್ಯಾಟಿಕ್‌ಗಳಲ್ಲಿ ಈ ನಡುಕದ ದೂರುಗಳು ಹೆಚ್ಚಾದಾಗ, ಮೂಲ ಆಯಿಲ್ ತೇವಾಂಶ ಹೀರಿಕೊಳ್ಳುತ್ತಿರುವುದನ್ನು ಕಂಡುಕೊಂಡ ಕಂಪನಿ, ಬೇರೆ ಆಯಿಲಿನಿಂದ ಪೂರ್ತಿ ಫ್ಲಶ್ ಮಾಡುವಂತೆ ಡೀಲರುಗಳಿಗೆ ಸೂಚಿಸಿತು.

ಜಾರುವಿಕೆ, ಸುಟ್ಟ ವಾಸನೆ, ಪ್ಯಾನಿನಲ್ಲಿ ಕಪ್ಪು ಪದರದ ರಾಶಿ, ಮೂರೂ ಇದ್ದರೆ ಆಯಿಲಿಗೆ ಹಣ ಸುರಿಯಬೇಡಿ. ಮೊದಲು ಮಟ್ಟ ಕಡಿಮೆಯಿಲ್ಲ, ಸೋರಿಕೆಯಿಲ್ಲ ಎಂದು ಖಚಿತಪಡಿಸಿಕೊಂಡು, ಒತ್ತಡ ಪರೀಕ್ಷೆ ಮಾಡಬಲ್ಲ ಆಟೋಮ್ಯಾಟಿಕ್ ತಜ್ಞರಲ್ಲಿಗೆ ಒಯ್ಯಿರಿ. ಕೆಲವು ಸಲ ತಪ್ಪು ಕ್ಲಚ್‌ನದಾಗಿರದೆ ಒಂದು ಸೊಲೆನಾಯ್ಡ್‌ನದೋ ವೇಗದ ಸೆನ್ಸರಿನದೋ ಆಗಿರುತ್ತದೆ, ರಿಪೇರಿ ಕಡಿಮೆ ಖರ್ಚಿನಲ್ಲಿ ಮುಗಿಯುತ್ತದೆ. ಕೆಲವು ಮಾದರಿಗಳಲ್ಲಿ ದೋಷ ವಿನ್ಯಾಸದಲ್ಲೇ ಇರುತ್ತದೆ: 2004ರಲ್ಲಿ ಹೋಂಡಾ ಅಮೆರಿಕದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ವಾಹನಗಳನ್ನು ಹಿಂದಕ್ಕೆ ಕರೆಸಿಕೊಂಡದ್ದು ಎರಡನೆಯ ಗೇರಿಗೆ ಸಾಕಷ್ಟು ಆಯಿಲ್ ತಲುಪದೆ ಅದು ಬಿಸಿಯಾಗಿ ಒಡೆಯುವ ಸಾಧ್ಯತೆಯಿದ್ದುದರಿಂದ. ಆ ಕಾಲದ ವಿ6 ಅಕಾರ್ಡ್, ಒಡಿಸ್ಸಿಗಳನ್ನು ಇಂದೂ ಅಗ್ಗಕ್ಕೆ ಕೊಳ್ಳುವವರು ಈ ದುರಸ್ತಿ ಆಗಿದೆಯೇ ಎಂದು ಕಾರಿನ ಚಾಸಿಸ್ ಸಂಖ್ಯೆ ಕೊಟ್ಟು ವಿಚಾರಿಸಬೇಕು.

ಪರೀಕ್ಷೆಯ ನಂತರವೂ ಕ್ಲಚ್ ಹೋಗಿದೆ ಎಂದೇ ಉತ್ತರ ಬಂದರೆ, ಉಳಿದಷ್ಟು ದಿನ ಇದ್ದ ಆಯಿಲಿನಲ್ಲೇ ಮೆಲ್ಲಗೆ ಓಡಿಸುತ್ತ ಮುಂದಿನ ಖರ್ಚಿಗೆ ಹಣ ಹೊಂದಿಸುವುದರಲ್ಲಿ ತಪ್ಪಿಲ್ಲ. ಮರುಜೋಡಿಸಿದ ಗೇರ್‌ಬಾಕ್ಸನ್ನು ಕೂರಿಸುವ ದಿನ ಮಾತ್ರ ಒಂದು ಜಾಗಕ್ಕೆ ಫ್ಲಶ್ ಕಡ್ಡಾಯ: ರೇಡಿಯೇಟರಿನ ಕೂಲರ್ ಮತ್ತು ಅದರ ಪೈಪುಗಳು. ಹಳೆಯ ಗೇರ್‌ಬಾಕ್ಸಿನ ಸುಟ್ಟ ಪುಡಿ, ಉಕ್ಕಿನ ಚೂರು ಅಲ್ಲಿ ಕೂತಿರುತ್ತವೆ. ಅದನ್ನು ತೊಳೆಯದೆ ಜೋಡಿಸಿದರೆ ಆ ಕಸವೆಲ್ಲ ಮೊದಲ ದಿನವೇ ಹೊಸ ಕ್ಲಚ್‌ಗಳ ನಡುವೆ ಬರುತ್ತದೆ. ಕೂಲರ್ ತೊಳೆದಿದ್ದಾರೆಯೇ ಅಥವಾ ಬದಲಿಸಿದ್ದಾರೆಯೇ ಎಂಬುದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ವಾರಂಟಿ ಕೇಳಲು ಹೋದಾಗ ಮೊದಲು ಕೇಳುವ ಕಾಗದ ಅದು.